ಚಂದ್ರಲೋಕದ ಡಬ್ಬ ರಾಗಿ ಬೀಸಿದ ವರ್ಷ

ಹೋದ ತಿಂಗಳು ಹನೂರಿನಲ್ಲಿ ಒಂದು ಮದುವೆ ಇತ್ತು. ಊಟಕ್ಕೆ ಎಲೆ ಹಾಕುವುದು ಇನ್ನೂ ತಡವೆಂದು ತಿಳಿದು, ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಕಾಲಾಡಿಸಿಕೊಂಡು ಬರೋಣವೆಂದು ಹೊರಟೆ. ಹಿಂದೆ ಸಿನಿಮಾ ಟೆಂಟು ಇದ್ದ ಜಾಗದಲ್ಲಿ ಈಗ ವೆಲ್ಡಿಂಗ್ ಅಂಗಡಿ ಇದೆ. ಯಾರೋ ಒಬ್ಬಾತ ಕಬ್ಬಿಣದ ಗೇಟನ್ನು ನೆಲಕ್ಕೆ ಮಲಗಿಸಿ ಕಿಡಿ ಹಾರಿಸುತ್ತಿದ್ದ. ಮೊದಲು ಆ ಬೆಳಕು ಕಣ್ಣಿಗೆ ಕುಕ್ಕಿತು, ಹಿಂದೆಯೇ ವಾಸನೆ ಬಂತು. ಟೆಂಟಿನ ಪ್ರೊಜೆಕ್ಟರಿನೊಳಗೆ ಕಾರ್ಬನ್ ಕಡ್ಡಿ ಉರಿಯುವಾಗ ಬರುತ್ತಿದ್ದ ವಾಸನೆಗೆ ಇದು ತೀರಾ ಹತ್ತಿರದ್ದು. ಅಲ್ಲೇ ನಿಂತುಬಿಟ್ಟೆ. ಅವನು ಮುಖದ ಕವಚ ಎತ್ತಿ, ಗಿರಾಕಿಯೇ ಎಂಬಂತೆ ನನ್ನನ್ನು ನೋಡಿದ. ಏನಿಲ್ಲ ಎಂದು ತಲೆಯಾಡಿಸಿ ಮುಂದೆ ನಡೆದೆ. ಅಷ್ಟರಲ್ಲಿ ನೆನಪಿನಲ್ಲಿ ನನ್ನ ಭಾವ ಮಾದೇಶಪ್ಪ ಎಣ್ಣೆ ಡಬ್ಬದೊಳಗಿಂದ ಎದ್ದು ಬಂದಾಗಿತ್ತು.

ಅದು ಮನುಷ್ಯ ಚಂದ್ರನ ಮೇಲೆ ಇಳಿದನೆಂದು ರೇಡಿಯೋದಲ್ಲಿ ಹೇಳಿದ ವರ್ಷ. ನಾನು ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ, ಒಂದು ವಠಾರದ ಕೊನೆಯ ಕೋಣೆಯಲ್ಲಿದ್ದೆ. ಮಳೆ ಹಿಂದೆ ಸರಿದು ಬೆಳಗಿನ ಚಳಿ ಶುರುವಾಗಿದ್ದ ದಿನಗಳು. ಒಂದು ಸಂಜೆ ಕಚೇರಿಯಿಂದ ಬಂದರೆ ಬಾಗಿಲಲ್ಲಿ ಭಾವ ಕೂತಿದ್ದ. ನಮ್ಮ ಅಕ್ಕ ರಾಜಮ್ಮನ ಗಂಡ. ಅಜ್ಜೀಪುರದಲ್ಲಿ ಹೊಲ ಮನೆ ಇದ್ದವನು, ಊರಿನ ನಾಟಕಗಳಲ್ಲಿ ಹಾಸ್ಯದ ಪಾತ್ರ ಕಟ್ಟಿ ಹೆಸರು ಮಾಡಿದ್ದವನು. ಸಿನಿಮಾದವರಿಗೆ ನಿನ್ನಂಥವರು ಬೇಕು ಎಂದು ಕೊಳ್ಳೇಗಾಲದ ಯಾರೋ ಕಿವಿಯೂದಿದ್ದೇ ತಡ, ಒಂದು ವಾರದಲ್ಲಿ ಬರುತ್ತೇನೆ ಎಂದು ಅಕ್ಕನಿಗೆ ಹೇಳಿ ಮದರಾಸಿಗೆ ಹೋದವನು ಮೂರು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಮಕ್ಕಳಿರಲಿಲ್ಲ. ಅಕ್ಕ ಒಬ್ಬಳೇ ಉಳುಮೆ ಮಾಡಿಸಿ, ಬಿತ್ತಿಸಿ, ಕೂಲಿಯವರೊಂದಿಗೆ ಕೂಗಾಡಿ ಸಂಸಾರ ನಡೆಸಿದ್ದಳು.

ಭಾವ ಇಳಿದುಹೋಗಿದ್ದ. ಕತ್ತಿನ ಎರಡೂ ಕಡೆ ಹಳೆಯ ತರಚುಗಾಯದ ಕಪ್ಪು ಗೆರೆ ಇತ್ತು. ಅದೇನೆಂದು ಕೇಳುವ ಮೊದಲೇ ಅವನೇ ಹೇಳಿದ.

"ಡಬ್ಬ ಉಜ್ಜಿದ್ದು ಕಣಪ್ಪ ಬಾಮೈದ. ಪಿಚ್ಚರ್‌ನಲ್ಲಿ ನಾನು ಚಂದ್ರಲೋಕ್ದೋನು. ಮುಂದಿನ್ ವಾರ ಕೊಳ್ಳೇಗಾಲಕ್ಕೆ ಬತ್ತಾ ಅದೆ, ನೋಡೀವಂತೆ."

"ಈರೋನಾ ಬಾವ?"

"ಈರೋ ಅಲ್ಲ. ಈರೋಗೇ ಬೇಕಾದೋನು."

ಊರಿಗೆ ಹೋಗಿದ್ದಿರಾ ಎಂದು ಕೇಳಿದೆ. ಅವನು ನನ್ನ ಸೀಮೆಎಣ್ಣೆ ಒಲೆಯ ಬತ್ತಿ ಸರಿಮಾಡುವುದರಲ್ಲಿ ಮಗ್ನನಾದ. ಬೆಟ್ಟದ ಬಸ್ಸು ಅಜ್ಜೀಪುರದ ಮೇಲೇ ಹೋಗುತ್ತದೆ, ಆದರೆ ಅವನು ಆ ಬಸ್ಸು ಹತ್ತಿರಲಿಲ್ಲ. ಅಕ್ಕ ಒಳಗೆ ಸೇರಿಸುತ್ತಾಳೋ ಇಲ್ಲವೋ ನೀನೇ ಹೋಗಿ ಕೇಳಿಕೊಂಡು ಬಾ ಎಂದ. ಹಾಗೆ ನಾನು ಭಾನುವಾರ ಅಜ್ಜೀಪುರಕ್ಕೆ ಹೋಗಬೇಕಾಯಿತು.

ನಾನು ಹೋದಾಗ ಅಕ್ಕ ನಡುಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಹನೂರಿನಲ್ಲಿ ಹಿಟ್ಟಿನ ಮಿಷನ್ನು ಬಂದಿತ್ತು. ಮಿಷನ್ನಿನ ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆಂದು ಅವಳು ಅತ್ತ ಹೋಗುತ್ತಿರಲಿಲ್ಲ. ಒಂದು ಚಿಟಿಕೆ ರಾಗಿ ತೆಗೆದು ಕಣ್ಣಿಗೊತ್ತಿ, ಕಲ್ಲಿನ ಪಕ್ಕದಲ್ಲಿ ಮಾದಪ್ಪನ ಪಾಲು ಎಂದು ಇಟ್ಟು, ಆಮೇಲೆ ಮೊದಲ ಹಿಡಿ ಸುರಿದಳು. ನಮ್ಮ ಅವ್ವನಿಂದ ಬಂದ ಅಭ್ಯಾಸ ಅದು. ನಾನು ಸುದ್ದಿ ಹೇಳುವವರೆಗೂ ಕಲ್ಲು ತಿರುಗುತ್ತಲೇ ಇತ್ತು, ಹೇಳಿದ ಮೇಲೂ ತಿರುಗಿತು.

"ಒಂದ್ ವಾರ ಅಂದ್ಬುಟ್ಟು ಓದೋನು ಆವಯ್ಯ," ಎಂದಳು ಕೊನೆಗೆ. "ನಿನ್ ರೂಮ್‌ಗಂಟ ಬರಕ್ಕೆ ಕಾಲ್ ಬಂತು, ಇಲ್ಲಿಗಂಟ ಬರ್ನಿಲ್ವಾ?"

"ಎದ್ರುಕತಾವ್ರೆ ಅಕ್ಕ."

"ಎದ್ರುಕಳ್ಳಿ." ಮತ್ತೊಂದು ಹಿಡಿ ಹಾಕಿದಳು. "ಅದೇನೋ ಪಿಚ್ಚರ್ ಅಂದ್ಯಲ್ಲ, ಅದು ಅನೂರಿಗೆ ಬತ್ತದಾ?"

ಟೆಂಟಿಗೆ ಬಂದರೂ ಬರಬಹುದು ಎಂದೆ.

"ನನ್ನ ಬುಟ್ಬುಟ್ಟು ಏನ್ ಮಾಡಕ್ ಓಗಿದ್ದ ಅಂತ ನಾನೂ ನೋಡ್ಬೇಕು. ನೋಡ್ಬುಟ್ಟು ಯೋಳ್ತೀನಿ. ಅಲ್ಲಿಗಂಟ ಈ ಬಾಗ್ಲಿಗೆ ಬರದ್ ಬ್ಯಾಡ ಅನ್ನು."

ಈ ತೀರ್ಪನ್ನು ತಂದು ಒಪ್ಪಿಸಿದಾಗ ಭಾವನ ಮುಖ ಬಿಳಿಚಿಕೊಂಡಿತು. ಸಾವಿರಾರು ಜನ ನೋಡಲಿ ಎಂದು ಮಾಡಿದ ಚಿತ್ರವನ್ನು ಈ ಒಬ್ಬಳು ನೋಡುವುದು ಅವನಿಗೆ ಬೇಕಿರಲಿಲ್ಲ. ಯಾಕೆಂಬುದು ನನಗೆ ಕೊಳ್ಳೇಗಾಲದಲ್ಲಿ ತಿಳಿಯಿತು.

ಕೊಳ್ಳೇಗಾಲ ಮದರಾಸು ರಾಜ್ಯ ಬಿಟ್ಟು ನಮ್ಮ ರಾಜ್ಯಕ್ಕೆ ಸೇರಿ ಅಷ್ಟೇನೂ ಕಾಲವಾಗಿರಲಿಲ್ಲ. ಊರಿನ ಅರ್ಧ ಜನ ತಮಿಳು ಚಿತ್ರಗಳ ಭರಾಟೆಗೆ ಒಗ್ಗಿಹೋದವರು. ಕತ್ತಿವರಸೆ, ಕುದುರೆ, ದೊಡ್ಡ ಅರಮನೆ ನೋಡಿದ ಕಣ್ಣು. ಮೇಲಾಗಿ ಆ ವರ್ಷ ಪತ್ರಿಕೆಗಳಲ್ಲಿ ನಿಜವಾದ ರಾಕೆಟ್ಟಿನ ಚಿತ್ರ ಬಂದುಬಿಟ್ಟಿತ್ತು. ಅಂಥವರ ಮುಂದೆ ಬಂದದ್ದು 'ಚಂದ್ರಲೋಕದ ಅಳಿಯ'. ಕಪ್ಪು ಬಿಳುಪಿನ ಚಿತ್ರ, ಒಂದೇ ಒಂದು ಹಾಡಿಗೆ ಬಣ್ಣ. ಚಂದ್ರನಲ್ಲಿ ಯಾರಿಗೂ ಹಾಡಲು ಬರುವುದಿಲ್ಲವಂತೆ. ಹಾಡು ಕಲಿತು ಬಾ ಎಂದು ರಾಜ ತನ್ನ ಮಗನನ್ನು ಒಂದು ಯಂತ್ರಮಾನವನ ಜೊತೆ ಭೂಮಿಗೆ ಕಳಿಸುತ್ತಾನೆ. ಅವರ ವಾಹನ ಸ್ನಾನದ ಹಂಡೆಯನ್ನು ಬೋರಲು ಹಾಕಿದ್ದು, ಅದನ್ನು ಇಳಿಬಿಟ್ಟ ದಾರ ಹಿಂದಿನ ಬೆಂಚಿನವರಿಗೂ ಕಾಣುತ್ತಿತ್ತು. ಅದು ಒಬ್ಬ ಬಡ ಹೆಂಗಸಿನ ಹಿತ್ತಿಲಿಗೆ ಬಂದು ಬೀಳುತ್ತದೆ. ಅವಳ ಮಗಳನ್ನು ರಾಜಕುಮಾರ ಮೆಚ್ಚುತ್ತಾನೆ. ಮನೆಗೆಲಸ ಬಾರದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ತಾಯಿ ಹಟ ಹಿಡಿಯುತ್ತಾಳೆ. ಅವನ ಬದಲಿಗೆ ಕದ್ದು ಎಲ್ಲ ಕೆಲಸ ಮಾಡುವುದು ಯಂತ್ರಮಾನವ. ಮೈಗೆ ಎಣ್ಣೆ ಡಬ್ಬ, ತಲೆಗೆ ಇನ್ನೊಂದು ಡಬ್ಬ, ಕಣ್ಣಿಗೆ ಎರಡು ಬಲ್ಬು, ಅದರಲ್ಲಿ ಒಂದು ಉರಿಯುತ್ತಿರಲಿಲ್ಲ.

ಆ ಡಬ್ಬ ಪರದೆಯ ಮೇಲೆ ಬಂದಾಗ ಭಾವ ನನ್ನ ತೊಡೆ ಚಿವುಟಿ "ನಾನೇ" ಎಂದ. ನಾನು ಮುಖ ಹುಡುಕಿದೆ. ಮುಖ ಇರಲಿಲ್ಲ. ಇನ್ನೇನು ಡಬ್ಬ ತೆಗೆಯುತ್ತಾನೆ ಎಂದು ಕೊನೆಯವರೆಗೂ ಕಾದೆ, ತೆಗೆಯಲಿಲ್ಲ. ದನಿ ಕೂಡ ಬೇರೆ ಯಾರದೋ. ಪಕ್ಕದಲ್ಲಿ ಕೂತಿದ್ದ ಹೆಗಲಿಗೆ ಶಲ್ಯ ಹಾಕಿದ್ದ ಹಿರಿಯರಿಗೆ ಭಾವ ತಡೆಯಲಾರದೆ ಹೇಳಿಯೇಬಿಟ್ಟ: "ಅದು ನಾನು ಸಾ." ಅವರು ಪರದೆಯನ್ನೂ ಇವನನ್ನೂ ಒಂದೆರಡು ಸಲ ನೋಡಿ, "ಇರಬಹುದಪ್ಪ. ಒಳಗ್ಯಾರಿದ್ದಾರೆ ಅಂತ ನಾವೇನು ಕಂಡಿದ್ದೀವಾ?" ಎಂದರು.

ನಡುವೆ ಒಂದು ಹಾಡು. ಯಂತ್ರಮಾನವ ಸೊಂಟ ಬಳುಕಿಸಿಕೊಂಡು ನೀರು ಹೊರುತ್ತದೆ, ಕಸ ಗುಡಿಸುತ್ತದೆ, ತೊಟ್ಟಿಲು ತೂಗುತ್ತದೆ. ಆಮೇಲೆ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಕೈಯಲ್ಲಿ ಏನೇನೋ ಸನ್ನೆ ಮಾಡಿ, ಹಾಡುತ್ತಾ ರಾಗಿ ಬೀಸುತ್ತದೆ. ಕೊಳ್ಳೇಗಾಲದ ಗಂಡಸರಿಗೆ ಇದನ್ನು ಸಹಿಸಲಾಗಲಿಲ್ಲ. ರಾಕೆಟ್ಟು ನೋಡಲು ಬಂದರೆ ರಾಗಿ ಬೀಸುವುದನ್ನು ತೋರಿಸುತ್ತಾರೆ ಎಂದು ಶಿಳ್ಳೆ ಹಾಕಿದರು, ಬೆಂಚು ಕುಟ್ಟಿದರು. "ಲೇ ಡಬ್ಬಾ, ಸೀರೆ ಉಟ್ಕಳ್ಳಾ!" ಎಂದು ಯಾರೋ ಕೂಗಿದ. ಭಾವ ಟವೆಲನ್ನು ತಲೆ ಮೇಲೆ ಹಾಕಿಕೊಂಡ. ನನಗೆ ನಗು ಬರುತ್ತಿತ್ತು, ಪಕ್ಕದಲ್ಲಿ ಅವನು ಕೂತಿದ್ದರಿಂದ ತಡೆದುಕೊಂಡೆ. ಆ ವಾರ ಮುಗಿಯುವ ಮೊದಲೇ ಚಿತ್ರ ಎತ್ತಂಗಡಿಯಾಗಿ, ಗೋಡೆಯ ಪೋಸ್ಟರಿನ ಮೇಲೆ ತಮಿಳಿನ ಕತ್ತಿವೀರ ಬಂದು ನಿಂತ.

ಓಡದ ಚಿತ್ರ ಟೆಂಟುಗಳಿಗೆ ಬೇಗ ಬರುತ್ತದೆ. ಯಳಂದೂರಿನ ಟೆಂಟಿಗೆ ಅದು ಬಂದಾಗ ನಮ್ಮ ಕಚೇರಿ ಎರಡು ಪಕ್ಷವಾಯಿತು. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರು. ರೀಲು ಬದಲಿಸುವಾಗಲೆಲ್ಲ ದೀಪ ಹಾಕುತ್ತಾರೆ, ಕಡಲೆಕಾಯಿಯವರು ಒಳಗೆ ಬರುತ್ತಾರೆ, ಆ ಬಿಡುವಿನಲ್ಲಿ ಜಗಳಕ್ಕೆ ಬೇಕಾದಷ್ಟು ಪುರಸೊತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಮೊದಲ ಬಿಡುವಿನಲ್ಲೇ ಎದ್ದು ನಿಂತರು. ಚಂದ್ರನಲ್ಲಿ ಗಾಳಿಯೇ ಇಲ್ಲ, ಗಾಳಿ ಇಲ್ಲದೆ ಶಬ್ದ ಇಲ್ಲ, ಇವನು ಅಲ್ಲಿ ನಿಂತು ಮಾತಾಡುವುದು ಹೇಗೆ, ಮಕ್ಕಳ ಬುದ್ಧಿ ಕೆಡುತ್ತದೆ ಎಂದರು. ನಮ್ಮ ಶಿರಸ್ತೇದಾರರು ಕುರ್ಚಿಯಿಂದ ಅಲ್ಲಾಡಲಿಲ್ಲ.

"ಅಲ್ಲ ಮೇಷ್ಟ್ರೇ, ಬೇರೆ ಪಿಚ್ಚರ್‌ನಲ್ಲಿ ಮರದ ಸುತ್ತ ಓಡಾಡ್ಕೊಂಡು ಹಾಡ್ತಾರಲ್ಲ, ಆಗ ಪಿಟೀಲು ಎಲ್ಲಿಂದ ಬರುತ್ತೆ? ಕಾಡಲ್ಲಿ ಯಾರು ಕೂತಿರ್ತಾರೆ?"

ಮೇಷ್ಟರು ಕಡಲೆಕಾಯಿಯವನನ್ನು ಕರೆದರು. ಆದರೆ ಅವರ ಪಕ್ಷಕ್ಕೆ ಜನ ಕಡಿಮೆಯೇನೂ ಇರಲಿಲ್ಲ. ವಾರವಿಡೀ ಕಚೇರಿಯಲ್ಲಿ ಅದೇ ಮಾತು. ನಾನು ಯಾವ ಪಕ್ಷಕ್ಕೂ ಸೇರಲಿಲ್ಲ, ಡಬ್ಬದೊಳಗಿರುವವನು ನಮ್ಮ ಭಾವ ಎಂದೂ ಹೇಳಲಿಲ್ಲ. ಭಾವ ನನ್ನ ಕೋಣೆಯಲ್ಲಿ ಅನ್ನ ಬಸಿದು, ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದ. ಮದರಾಸಿನಲ್ಲಿ ಮುಖ ಕಾಣುವ ಪಾತ್ರ ಕೊನೆಗೂ ಸಿಗಲಿಲ್ಲ ಎಂಬುದನ್ನು ಒಂದು ದಿನ ಅವನಾಗಿಯೇ ಹೇಳಿದ. ಅದಾದ ಮೇಲೆ ಅವನನ್ನು ಕಂಡರೆ ನನಗೆ ನಗು ಬರುವುದು ನಿಂತಿತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ವಠಾರದ ಯಜಮಾನಿತಿ ಗೌರಮ್ಮನವರು ನನ್ನನ್ನು ತಡೆದು ಕೇಳಿದರು: "ಆ ಡಬ್ಬದ ಪಿಚ್ಚರ್ ಇನ್ನೂ ಎಷ್ಟು ದಿನ ಇರ್ತದೆ ನಾಗರಾಜಪ್ಪ? ನಾನು ಎರಡ್ ಸಲ ನೋಡ್ದೆ, ನಮ್ಮಕ್ಕನ್ನ ಕರ್ಕೊಂಡು ಇನ್ನೊಂದ್ ಸಲ ಹೋಗ್ಬೇಕು." ಯಾಕೆ ಅಷ್ಟು ಮೆಚ್ಚಿದ್ದು ಎಂದರೆ, "ಪಾಪ, ಎಷ್ಟು ಕೆಲಸ ಮಾಡ್ತದೆ ಅದು!" ಎಂದರು. ಅದೇ ವಾರ ಶಿರಸ್ತೇದಾರರು ಚಿತ್ರದ ಪರವಾಗಿ ಮಾತಾಡುವುದನ್ನು ಒಮ್ಮೆಲೇ ನಿಲ್ಲಿಸಿದರು. ಅವರ ಮನೆಯವರೂ ಚಿತ್ರ ನೋಡಿದರೆಂದೂ, ಸಾಹೇಬರು ಬಿಂದಿಗೆ ಹಿಡಿದು ಬಾವಿಯ ಬಳಿ ನಿಂತಿದ್ದನ್ನು ಜವಾನ ಕಂಡನೆಂದೂ ಸುದ್ದಿ ಹಬ್ಬಿತು. ಮೇಷ್ಟರ ಪಕ್ಷ ಗೆದ್ದಿತು.

ಸಂಕ್ರಾಂತಿಯ ಆಚೀಚೆ ಚಿತ್ರ ಹನೂರಿಗೆ ಬಂತು. ರಾಗಿ ಕುಯ್ದು, ಒಕ್ಕಣೆ ಮುಗಿದು, ಹಳ್ಳಿಗಳಲ್ಲಿ ಕೈ ಬಿಡುವಾಗಿದ್ದ ಕಾಲ. ಭಾವ ನನ್ನ ಜೊತೆ ಹನೂರಿನವರೆಗೂ ಬಂದವನು ಬಸ್ ನಿಲ್ದಾಣದ ಟೀ ಹೋಟೆಲಿನಲ್ಲಿ ಕೂತುಬಿಟ್ಟ. ಟೆಂಟಿಗೆ ಬಾ ಎಂದರೆ ಬರಲಿಲ್ಲ. "ನೀ ಓಗು, ನಾ ಬರಕಿಲ್ಲ. ಅವ್ಳು ಏನಂದ್ಲು ಅಂತ ಬಂದು ಯೋಳು," ಎಂದ. ಕೈಯಲ್ಲಿದ್ದ ಟೀ ಮುಗಿಸಿ ಇನ್ನೊಂದು ಟೀ ಹೇಳಿದ.

ಅಕ್ಕ ಅಜ್ಜೀಪುರದ ಹೆಂಗಸರ ಜೊತೆ ಗಾಡಿಯಲ್ಲಿ ಬಂದಳು. ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು, ಮುಖ ಮಾತ್ರ ಪಂಚಾಯ್ತಿಗೆ ಬಂದವರ ಹಾಗಿತ್ತು. ಟೆಂಟಿನೊಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಧ್ಯೆ ಸೊಂಟದೆತ್ತರಕ್ಕೆ ಕಟ್ಟಿದ ತಡಿಕೆ. ದೀಪ ಆರಿದರೆ ಆ ಕಡೆಯವರು ಕಾಣುವುದಿಲ್ಲ, ಬರೀ ಬಳೆ ಸದ್ದು, ಮಾತು, ಕೂಸುಗಳ ಅಳು. ನಾನು ಅಕ್ಕನನ್ನು ಬಿಡುವಿನಲ್ಲಿ ಮಾತ್ರ ನೋಡಬಹುದಿತ್ತು. ಮೊದಲ ಬಿಡುವಿನಲ್ಲಿ ನೋಡಿದೆ. ಪಕ್ಕದವರು ನಗಾಡುತ್ತಾ ಕಡಲೆಕಾಯಿ ಬಿಡಿಸುತ್ತಿದ್ದರು. ಅವಳು ಪರದೆಯನ್ನೇ ನೋಡುತ್ತಾ ಕೂತಿದ್ದಳು, ಅದರಲ್ಲಿ ಆಗ ಏನೂ ಇರಲಿಲ್ಲ.

ಬೀಸುವ ಹಾಡು ಬಂತು. ಗಂಡಸರ ಕಡೆ ಎಂದಿನ ಹಾಗೆ ಗದ್ದಲ ಎದ್ದಿತು. ಮುಂದುಗಡೆ ಕೂತಿದ್ದ ದೊಡ್ಡ ಪೇಟದ ಯಜಮಾನರೊಬ್ಬರು, "ಆಪ್ ಮಾಡ್ಲಾ ಅದ! ಗಂಡು ಜಲ್ಮದ ಮರ್ವಾದಿ ಕಳೀತಾವ್ರೆ!" ಎಂದು ಕೂಗಿದರು. ಯಾರೋ ಒಂದು ಹಿಡಿ ಮರಳು ಪರದೆಗೆ ಎರಚಿದ. ಆದರೆ ತಡಿಕೆಯ ಆಚೆಯಿಂದ ಬಂದ ನಗು ಕೊಳ್ಳೇಗಾಲದ್ದಲ್ಲ, ಯಳಂದೂರಿನದೂ ಅಲ್ಲ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಯಂತ್ರ ಕಲ್ಲನ್ನು ಉಲ್ಟಾ ತಿರುಗಿಸುತ್ತಿತ್ತು. ನನಗಾಗಲಿ, ಶಿಳ್ಳೆ ಹಾಕಿದ ಗಂಡಸರಿಗಾಗಲಿ ಅಷ್ಟು ದಿನ ಅದು ಹೊಳೆದಿರಲಿಲ್ಲ. "ಅಯ್ಯೋ ಮುಂಡೇದೆ, ಇಟ್ಟು ಬೀಳಕಿಲ್ಲ ಕಣ್ಲಾ ಅಂಗೆ!" ಎಂದು ಒಬ್ಬ ಮುದುಕಿ ಪರದೆಗೇ ಬುದ್ಧಿ ಹೇಳಿದಳು.

ರೀಲು ಮುಗಿದು ದೀಪ ಬಂತು. ಯಾರೂ ಎಣಿಸದ ಒಂದು ಕೆಲಸ ಆಗ ನಡೆಯಿತು. ನಮ್ಮ ಅಕ್ಕ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದೆ ತಿರುಗಿ, ಟೆಂಟಿನ ಯಜಮಾನನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಅಯ್ಯಾ, ಆ ಬೀಸೋದ ಇನ್ನೊಂದ್ ಕಿತ ಆಕಿ."

ಹೆಂಗಸರೆಲ್ಲ "ಆಕಿ, ಆಕಿ" ಎಂದು ಹಿಡಿದುಕೊಂಡರು. ಗಂಡಸರು ಬೇಡವೇ ಬೇಡವೆಂದರು. ಟೆಂಟಿನ ಯಜಮಾನ ಎರಡೂ ಕಡೆ ಕೈ ಮುಗಿಯುತ್ತಾ ತಡಿಕೆಯ ಪಕ್ಕ ಓಡಾಡಿದ. ಮುಂದಿನ ರೀಲು ಹಾಕಲು ಹೋದರೆ ಹೆಂಗಸರು ಎದ್ದು ನಿಂತು ಬೆಳಕಿಗೆ ಅಡ್ಡವಾದರು, ಪರದೆಯ ತುಂಬ ತುರುಬುಗಳ ನೆರಳು. ಕೊನೆಗೆ ಅವನು ಸೋತು, ರೀಲನ್ನು ಹಿಂದಕ್ಕೆ ಸುತ್ತಿಸಿದ. ಪೇಟದ ಯಜಮಾನರು ಅರ್ಧ ಗಂಡಸರನ್ನು ಕರೆದುಕೊಂಡು ಹೊರಗೆ ನಡೆದರು. ಉಳಿದ ಅರ್ಧ ಕೂತರು, ಆದರೆ ಕೂತದ್ದು ತಮ್ಮ ಇಷ್ಟದಿಂದ ಎಂದು ಯಾರೂ ಒಪ್ಪುತ್ತಿರಲಿಲ್ಲ. ಹೆಂಡತಿ ಬಾರದೆ ಗಾಡಿ ಕಟ್ಟುವ ಹಾಗಿರಲಿಲ್ಲ.

ಡಬ್ಬ ಎರಡನೆಯ ಸಲ ರಾಗಿ ಬೀಸಿತು. ಹೆಂಗಸರು ಈ ಸಲ ಹಾಡನ್ನೂ ಸೇರಿ ಹೇಳಿದರು. ಅಕ್ಕನಿಗೆ ಚಿತ್ರ ಬಹಳ ಹಿಡಿಸಿದೆ ಎಂದುಕೊಂಡು ನಾನು ಹಿಗ್ಗಿದೆ. ಭಾವನ ಕೆಲಸ ಆಯಿತು ಎಂದೇ ನಂಬಿದೆ. ಕೊನೆಗೆ ಅತ್ತೆ ಬೀಸುವ ಕಲ್ಲನ್ನು ತಲೆಯ ಮೇಲೆ ಹೊತ್ತು ಅಳಿಯನ ಜೊತೆ ಹಂಡೆ ಹತ್ತಿ, ಚಿತ್ರ ಮುಗಿಯಿತು. ಹೊರಗೆ ಬಂದಾಗ ಏನಕ್ಕ ಎಂದು ಕೇಳಿದೆ. ಅವಳು ಗಾಡಿ ಹತ್ತಿದಳು, ನೀನೂ ಹತ್ತು ಎಂದಳು. ಟೀ ಹೋಟೆಲಿನ ಮುಂದೆ ಗಾಡಿ ಹಾದುಹೋದಾಗ ಭಾವ ಬೆಂಚಿನಿಂದ ಅರ್ಧ ಎದ್ದ. ಅವಳು ಅತ್ತ ತಿರುಗಲಿಲ್ಲ. ಕಾಯುತ್ತಿರು ಎಂದು ನಾನು ಕೈಸನ್ನೆ ಮಾಡಿದೆ. ದಾರಿಯುದ್ದಕ್ಕೂ ಉಳಿದವರು ಆ ಹಾಡು ಹಾಡಿದರು, ಅಕ್ಕ ಮಾತ್ರ ತುಟಿ ಬಿಚ್ಚಲಿಲ್ಲ. ನನ್ನ ಹಿಗ್ಗು ಇಳಿಯುತ್ತಾ ಬಂತು.

ಬೆಳಿಗ್ಗೆ ನಾನು ಬಸ್ಸಿಗೆ ಹೊರಟು ನಿಂತಾಗ ಅವಳು ಕಲ್ಲಿನ ಮುಂದೆ ಕೂತಿದ್ದಳು. ಮೊರದಲ್ಲಿ ಹೊಸ ರಾಗಿ. ಇನ್ನು ತಡೆಯಲಾರದೆ ಕೇಳಿಯೇಬಿಟ್ಟೆ, ಭಾವನಿಗೆ ಏನು ಹೇಳಲಿ ಎಂದು.

"ಪಿಚ್ಚರ್ ಏನೇನೂ ಚೆನ್ನಾಗಿಲ್ಲ," ಎಂದಳು. "ಅಂಡೆಲಿ ಯಾರಾದ್ರೂ ಆಕಾಸಕ್ಕೆ ಓದಾರಾ?"

"ಮತ್ತೆ ಇನ್ನೊಂದ್ ಕಿತ ಆಕಿ ಅಂದ್ಯಲ್ಲಕ್ಕ?"

ಅವಳು ಒಂದು ಚಿಟಿಕೆ ರಾಗಿ ತೆಗೆದು ಕಣ್ಣಿಗೊತ್ತಿ ಕಲ್ಲಿನ ಪಕ್ಕದಲ್ಲಿಟ್ಟಳು. ಇಟ್ಟ ಕೈಯನ್ನು ಅಲ್ಲೇ ಬಿಟ್ಟು ನನ್ನ ಕಡೆ ನೋಡಿದಳು.

"ಆ ಡಬ್ಬ ಇಂಗ್ ಮಾಡ್ತು. ಮೊದಲ್ನೇ ಹಿಡಿ ಆಕಕ್ಕೆ ಮುಂಚೆ. ನಾನೇ ಏನಾರ ತಪ್ಪಾಗಿ ಕಂಡ್ನಾ ಅಂತ ಇನ್ನೊಂದ್ ಸಲ ನೋಡ್ದೆ. ಮದ್ರಾಸ್‌ನಲ್ಲಿ ಇದ ಯಾರ್ ಯೋಳ್ಕೊಡ್ತಾರೆ? ದಿನಾ ಜಗುಲಿ ಮ್ಯಾಲೆ ಬೀಡಿ ಸೇದ್ಕಂಡು ಕೂತಿರ್ತಿದ್ರು. ನನ್ನ ಕಡೆ ನೋಡೇ ಇಲ್ಲ ಅಂತಿದ್ದೆ." ಅವಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. "ನೋಡ್ಕಂಡಿದ್ರು ನಿಮ್ ಬಾವ. ನೋಡ್ಕಂಡಿದ್ರು, ಆದ್ರೆ ಒಂದಿನಾನೂ ಕಲ್ಲು ಮುಟ್ನಿಲ್ಲ," ಎಂದಳು.

ಬಸ್ಸಿನ ಹಾರನ್ನು ಕೇಳಿಸಿತು.

"ಬರ್ಲಿ," ಎಂದಳು. "ಕಲ್ಲು ಇಲ್ಲೇ ಅದೆ."

ರಾತ್ರಿಯೆಲ್ಲ ಹನೂರಿನ ಟೀ ಹೋಟೆಲಿನ ಬೆಂಚಿನ ಮೇಲೇ ಕಳೆದಿದ್ದ ಭಾವ ಅಂದೇ ನನ್ನ ಜೊತೆ ಬಂದ. ಅಂಥ ಸನ್ನೆ ಮಾಡಿದ್ದು ನೆನಪಿದೆಯೇ ಎಂದು ದಾರಿಯಲ್ಲಿ ಕೇಳಿದ್ದಕ್ಕೆ ಬೆಪ್ಪಾಗಿ ನನ್ನನ್ನು ನೋಡಿದ. "ಅಂಗ್ ಮಾಡಿದ್ನಾ? ಬೀಸು ಅಂದ್ರು, ಬೀಸ್ದೆ ಕಣಪ್ಪ," ಎಂದ. ಊರವರು ಅವನಿಗೆ ಡಬ್ಬದ ಮಾದೇಶಪ್ಪ ಎಂದು ಹೆಸರಿಟ್ಟರು, ಅದು ಸಾಯುವವರೆಗೂ ಉಳಿಯಿತು. ಚಿತ್ರ ಹನೂರಿನಲ್ಲಿ ಹೆಂಗಸರ ಬಲದಿಂದ ಇನ್ನೂ ಕೆಲವು ದಿನ ಓಡಿತು. ಆಮೇಲೆ ಎಲ್ಲಿ ಹೋಯಿತೋ, ಹೆಸರು ಕೇಳಿದವರು ಕೂಡ ಈಗ ಯಾರೂ ಸಿಗುವುದಿಲ್ಲ.

ಅವನು ಬಂದ ಮಾರನೆಯ ಬೆಳಿಗ್ಗೆ ನಾನು ಜಗುಲಿಯ ಮೇಲೆ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಒಳಗಿಂದ ಕಲ್ಲು ತಿರುಗುವ ಸದ್ದು ಬಂತು. ಅಕ್ಕನ ಕೈಯ ಸದ್ದಲ್ಲ ಅದು, ತಡವರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಆಮೇಲೆ ಅಕ್ಕನ ದನಿ ಬಂತು.

"ಅತ್ತಗಲ್ಲ. ಇತ್ತಗೆ ತಿರುಗ್ಸಿ."